"ಅದೆಲ್ಲ ಸುಳ್ಳು ಕಣೋ ಮರಿ"

ಭಾನುವಾರ ಸಂಜೆ ವೈಟ್‌ಫೀಲ್ಡಿನ ಕೆಟಿಪಿಓ ಪ್ರದರ್ಶನ ಕೇಂದ್ರದಲ್ಲಿ ಕಾಮಿಕ್ಸ್ ಅಭಿಮಾನಿಗಳ ಜಾತ್ರೆಯಾದ ಕಾಮಿಕ್ ಕಾನ್ ಮುಗಿಸಿಕೊಂಡು ನೇರಳೆ ಮಾರ್ಗದ ಮೆಟ್ರೋದಲ್ಲಿ ಮನೆಗೆ ಮರಳುತ್ತಿದ್ದಾಗ ಕಂಡ ಒಂದು ಸಂಗತಿ ಎರಡು ದಿನವಾದರೂ ಮನಸ್ಸಿನಿಂದ ಇಳಿಯುತ್ತಿಲ್ಲ. ಎದುರಿನ ಸೀಟಿನಲ್ಲಿ ಎಂಟೊಂಬತ್ತು ವರ್ಷದ ಹುಡುಗನೊಬ್ಬ ಅಮೆರಿಕದ ಟಿವಿ ಕುಸ್ತಿಯ ಪೈಲ್ವಾನ ಅಂಡರ್‌ಟೇಕರ್ ವೇಷದಲ್ಲಿ ಕುಳಿತಿದ್ದ. ಅಪ್ಪನ ಕಪ್ಪು ರೇನ್‌ಕೋಟು ಅವನ ಪಾದದವರೆಗೆ ಇಳಿದಿತ್ತು. ರಟ್ಟು ಕತ್ತರಿಸಿ ಕಪ್ಪು ಬಟ್ಟೆ ಅಂಟಿಸಿದ್ದ ಅಗಲ ಅಂಚಿನ ಟೋಪಿಯ ಒಂದು ಬದಿಯಲ್ಲಿ ಅಂಟು ಬೆಳ್ಳಗೆ ಒಣಗಿತ್ತು. ಯಾರು ಕೇಳಿದರೂ ಕಣ್ಣುಗುಡ್ಡೆಯನ್ನು ಮೇಲಕ್ಕೆ ತಿರುಗಿಸಿ, ಬರೀ ಬಿಳಿ ಕಾಣುವಂತೆ ಮಾಡಿ ತೋರಿಸುತ್ತಿದ್ದ. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಸ್ವಲ್ಪ ಹೊತ್ತು ನೋಡಿ, ಅಕ್ಕರೆಯಿಂದಲೇ, "ಅದೆಲ್ಲ ಸುಳ್ಳು ಕಣೋ ಮರಿ, ಯಾರು ಗೆಲ್ಲಬೇಕು ಅಂತ ಮೊದಲೇ ಬರೆದಿಟ್ಟಿರುತ್ತಾರೆ" ಎಂದರು. ಹುಡುಗ ಏನೂ ಹೇಳಲಿಲ್ಲ. ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಈ ಮಾತನ್ನು ನಾನು ಪೈಲ್ವಾನರ ಚಿತ್ರವಿದ್ದ ಟ್ರಂಪ್ ಕಾರ್ಡ್ ಆಡುತ್ತಿದ್ದ ಕಾಲದಿಂದ ಕೇಳುತ್ತಾ ಬಂದಿದ್ದೇನೆ. ಮೇಷ್ಟರು ಹೇಳಿದರು, ಮಾವ ಹೇಳಿದರು, ಮದುವೆಯ ಊಟದ ಪಂಕ್ತಿಯಲ್ಲಿ ಮೊದಲ ಸಲ ಪರಿಚಯವಾದವರೂ ಹೇಳಿದರು; ಪ್ರತಿಯೊಬ್ಬರೂ ನನಗೆ ಗೊತ್ತಿರದ ಗುಟ್ಟೊಂದನ್ನು ಬಿಟ್ಟುಕೊಡುವವರ ಹಾಗೆಯೇ ಹೇಳಿದರು. ಆ ಗುಟ್ಟು ಗುಟ್ಟಾಗಿ ಉಳಿದಿಲ್ಲ. 1989ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಸೆನೆಟ್ ಮುಂದೆ ಈ ಕುಸ್ತಿ ನಡೆಸುವ ಡಬ್ಲ್ಯೂಡಬ್ಲ್ಯೂಎಫ್ (ಇಂದಿನ ಡಬ್ಲ್ಯೂಡಬ್ಲ್ಯೂಇ) ಕಂಪನಿಯೇ ಸ್ವತಃ ತಮ್ಮದು ಕ್ರೀಡಾ ಸ್ಪರ್ಧೆಯಲ್ಲ, ಮನರಂಜನೆ ಎಂದು ಒಪ್ಪಿಕೊಂಡಿತು, ಏಕೆಂದರೆ ಕ್ರೀಡೆ ಎನಿಸಿಕೊಂಡರೆ ಸರ್ಕಾರದ ಕ್ರೀಡಾ ನಿಯಂತ್ರಣಕ್ಕೆ ಒಳಪಡಬೇಕಾಗಿತ್ತು. ಅಷ್ಟು ವರ್ಷಗಳ ಹಿಂದೆಯೇ ಬಾಗಿಲು ತೆರೆದಿಟ್ಟ ಮನೆಯನ್ನು ಇವತ್ತಿಗೂ ಒಡೆದು ನುಗ್ಗುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಬರೆದಿಡುವುದು ಫಲಿತಾಂಶವನ್ನು ಮಾತ್ರ. ಬೀಳುವುದನ್ನು ಬರೆದಿಡಲಾಗುವುದಿಲ್ಲ, ಬೀಳಲೇಬೇಕು. ರಿಂಗ್ ಎಂದರೆ ಉಕ್ಕಿನ ತೊಲೆ, ಅದರ ಮೇಲೆ ಹಲಗೆ, ಅದರ ಮೇಲೆ ತೆಳ್ಳನೆಯ ಫೋಮು, ಅದರ ಮೇಲೆ ಕ್ಯಾನ್ವಾಸು. ಕಲಿಯುವವರಿಗೆ ಎಲ್ಲಕ್ಕಿಂತ ಮೊದಲು ಹೇಳಿಕೊಡುವ ಪಾಠವೇ ಬಂಪ್, ಅಂದರೆ ಬೀಳುವ ವಿದ್ಯೆ: ಗದ್ದವನ್ನು ಎದೆಗೆ ಒತ್ತಿಕೊಂಡು, ಉಸಿರು ಹೊರಬಿಡುತ್ತಾ, ಬೆನ್ನಿನ ಮೇಲ್ಭಾಗವೆಲ್ಲ ಒಟ್ಟಿಗೆ ನೆಲಕ್ಕೆ ತಾಗುವಂತೆ ಬೀಳಬೇಕು, ತಲೆ ಮಾತ್ರ ತಾಗಕೂಡದು. 1998ರ ಜೂನ್ 28ರಂದು ಪಿಟ್ಸ್‌ಬರ್ಗ್‌ನಲ್ಲಿ ಪೈಲ್ವಾನ ಮಿಕ್ ಫೋಲಿ ರಿಂಗಿನ ಸುತ್ತ ಕಟ್ಟಿದ್ದ ಹದಿನಾರು ಅಡಿ ಎತ್ತರದ ಪಂಜರದ ಮೇಲಿಂದ ಮೇಜಿನ ಮೇಲೆ ಬಿದ್ದದ್ದು ಮೊದಲೇ ಗೊತ್ತುಮಾಡಿಕೊಂಡದ್ದು. ಆದರೆ ಮತ್ತೆ ಮೇಲೆ ಹತ್ತಿದಾಗ ಪಂಜರದ ಚಾವಣಿ ಕಿತ್ತುಬಂದು ಅವರು ರಿಂಗಿನೊಳಗೆ ಬಿದ್ದದ್ದನ್ನು ಯಾರೂ ಬರೆದಿಟ್ಟಿರಲಿಲ್ಲ. ಅವರ ಮುರಿದ ಹಲ್ಲೊಂದು ಮೂಗಿನ ಹೊಳ್ಳೆಯಲ್ಲಿ ಸಿಕ್ಕಿಕೊಂಡಿತ್ತು. ಮರುವರ್ಷ ಮೇ 23ರಂದು ಕಾನ್ಸಸ್ ಸಿಟಿಯಲ್ಲಿ ಇನ್ನೊಬ್ಬ ಪೈಲ್ವಾನ ಓವೆನ್ ಹಾರ್ಟ್ ಚಾವಣಿಯಿಂದ ಹಗ್ಗದಲ್ಲಿ ಇಳಿದುಬರುವ ಪ್ರವೇಶಕ್ಕೆ ಸಿದ್ಧರಾಗಿದ್ದಾಗ ಕೊಂಡಿ ಕಳಚಿ, ಕೆಳಗೆ ಬಿದ್ದು ಸತ್ತರು. ಆ ಸುದ್ದಿ ನಮ್ಮೂರಿಗೆ ಮುಟ್ಟಿದಾಗ ನನ್ನ ತರಗತಿಯವನೊಬ್ಬ "ಅದೂ ಸುಳ್ಳೇ ಇರಬೇಕು" ಎಂದ. ಅವನ ಜೊತೆ ನಾನು ಆ ವರ್ಷವೆಲ್ಲ ಮಾತನಾಡಲಿಲ್ಲ.

ನಾನು ಕಾರ್ಕಳದ ಕಡೆಯವನು. ನಮ್ಮ ಯಕ್ಷಗಾನ ಬಯಲಾಟದಲ್ಲಿ ದೇವಿ ಮಹಾತ್ಮೆ ನಡೆಯುವ ರಾತ್ರಿ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ದೊಂದಿಯ ಬೆಂಕಿಯ ನಡುವೆ, ಅಬ್ಬರಿಸುತ್ತಾ, ಕುಳಿತ ಜನರ ಮಧ್ಯದಿಂದಲೇ ಬರುತ್ತಾನೆ. ನಿದ್ದೆ ಹೋಗಿದ್ದ ಮಕ್ಕಳೆಲ್ಲ ಎದ್ದು ಅಮ್ಮನ ಸೆರಗು ಹಿಡಿಯುತ್ತಾರೆ. ಬೆಳಗಾಗುವುದರೊಳಗೆ ಅವನು ದೇವಿಯ ಕೈಯಲ್ಲಿ ಸಾಯುತ್ತಾನೆ ಎಂಬುದು ಚುರುಮುರಿ ಮಾರುವವನಿಗೂ ಗೊತ್ತು. ಬಣ್ಣದ ಹಿಂದಿರುವ ಮನುಷ್ಯ ಯಾರು, ಅವನ ಮನೆ ಎಲ್ಲಿ ಎಂಬುದೂ ಗೊತ್ತು. ಆ ಹೊತ್ತಿನಲ್ಲಿ ಮಗುವಿನ ಕಿವಿಯಲ್ಲಿ "ಇದೆಲ್ಲ ಸುಳ್ಳು" ಎಂದು ಹೇಳುವ ಹಿರಿಯರನ್ನು ನಾನು ಒಬ್ಬರನ್ನೂ ಕಂಡಿಲ್ಲ. ದೀಪವೆಲ್ಲ ಆರಿ, ಗಂಟೆ ಬಾರಿಸಿ, ಹೊಗೆಯ ನಡುವೆ ಅಂಡರ್‌ಟೇಕರ್ ನಡೆದು ಬರುವುದನ್ನು ಮೊದಲ ಸಲ ಟಿವಿಯಲ್ಲಿ ನೋಡಿದಾಗ ನನಗೆ ಆದದ್ದು ಅದೇ ಮೈನಡುಕ, ಅದೇ ಸಂತೋಷ.

2014ರ ಏಪ್ರಿಲ್‌ನ ಆ ಸೋಮವಾರದ ಬೆಳಗನ್ನು ಹೇಗೆ ಮರೆಯಲಿ? ಕಂಪನಿಯ ವರ್ಷದ ಅತಿ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದಲ್ಲಿ ಒಮ್ಮೆಯೂ ಸೋಲದೆ 21 ಪಂದ್ಯ ಗೆದ್ದಿದ್ದ ಅಂಡರ್‌ಟೇಕರ್ ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಾಕ್ ಲೆಸ್ನರ್‌ಗೆ ಸೋತಾಗ ಇಡೀ ಕ್ರೀಡಾಂಗಣದ ಬಾಯಿ ಕಟ್ಟಿಹೋಯಿತು. ಪರದೆಯ ಮೇಲೆ 21-1 ಎಂಬ ಅಂಕಿ ಮೂಡಿತು. ತಲೆಯ ಮೇಲೆ ಕೈಹೊತ್ತು ನಿಂತ ದೊಡ್ಡ ದೊಡ್ಡ ಗಂಡಸರು ಕಂಡರು. ಅವರೆಲ್ಲರಿಗೂ ಫಲಿತಾಂಶ ಬರೆದಿಟ್ಟದ್ದು ಎಂಬುದು ಗೊತ್ತಿತ್ತು. ಆದರೂ ಆ ಮೌನವನ್ನು ಅವರಿಗೆ ಯಾರೂ ಬರೆದುಕೊಟ್ಟಿರಲಿಲ್ಲ.

ನಮ್ಮದೇ ಗರಡಿಮನೆಗಳಿರುವಾಗ ಅಮೆರಿಕದ ಕುಸ್ತಿ ಏಕೆ ಎಂದು ಕೇಳುವವರೂ ಇದ್ದಾರೆ. ಮೈಸೂರು ದಸರೆಯ ಕುಸ್ತಿಯನ್ನು ನಾನು ಮಣ್ಣಿನ ವಾಸನೆ ಮೂಗಿಗೆ ಬಡಿಯುವಷ್ಟು ಹತ್ತಿರ ಕುಳಿತು ನೋಡಿದ್ದೇನೆ. ಅದು ಬೇರೆ, ಇದು ಬೇರೆ, ಎರಡಕ್ಕೂ ನನ್ನಲ್ಲಿ ಜಾಗವಿದೆ. ಈ ಪ್ರಶ್ನೆ ಕೇಳಿದವರಲ್ಲಿ ಗರಡಿಯ ಹೊಸ್ತಿಲು ದಾಟಿದವರು ನನಗೆ ಇದುವರೆಗೆ ಸಿಕ್ಕಿಲ್ಲ. ಅಮೆರಿಕದ ಆ ಕಂಪನಿಯವರು ಪೈಲ್ವಾನರನ್ನು ನೌಕರರೆಂದು ಪರಿಗಣಿಸದೆ ಗುತ್ತಿಗೆಯವರಾಗಿಯೇ ಇಟ್ಟುಕೊಳ್ಳುತ್ತಾರೆ ಎಂದು ಆಕ್ಷೇಪಿಸಿದ್ದರೆ ನಾನು ತಲೆಬಾಗಿ ಒಪ್ಪುತ್ತಿದ್ದೆ. ಅದನ್ನು ಯಾರೂ ಎತ್ತುವುದಿಲ್ಲ.

ಕಾಮಿಕ್ ಕಾನ್ ಬಗ್ಗೆಯೂ ಇದೇ ರಾಗ: ಬೆಳೆದವರು ವೇಷ ಹಾಕಿ ತಿರುಗುವ ಪರದೇಶದ ಹುಚ್ಚು ಎಂದು. ಭಾರತದ ಮೊದಲ ಕಾಮಿಕ್ ಕಾನ್ 2011ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದಾಗ ಜೀವಮಾನ ಸಾಧನೆಯ ಗೌರವ ಸಂದದ್ದು ಅಮರ ಚಿತ್ರಕಥೆಯ ಅನಂತ ಪೈ ಅವರಿಗೆ, ನಮ್ಮ ಕಾರ್ಕಳದಲ್ಲಿ ಹುಟ್ಟಿದವರಿಗೆ. ಅದಾದ ಕೆಲವೇ ದಿನಗಳಲ್ಲಿ, ಫೆಬ್ರುವರಿ 24ರಂದು, ಅವರು ತೀರಿಕೊಂಡರು. ಪ್ರತಿ ವರ್ಷ ಆ ಜಾತ್ರೆಯ ಒಳಗೆ ಕಾಲಿಡುವಾಗ ನಾನು ಅವರನ್ನು ನೆನೆಯುತ್ತೇನೆ. ಈ ಸಲ ಶೌಚಾಲಯದ ಕನ್ನಡಿಯ ಮುಂದೆ ಐದಾರು ಹುಡುಗರು ಒಬ್ಬರ ಮುಖಕ್ಕೆ ಒಬ್ಬರು ಬಣ್ಣ ಬಳಿಯುತ್ತಾ ನಿಂತಿದ್ದರು. ಒಬ್ಬ ಉಸಿರು ಬಿಗಿಹಿಡಿದು ಇನ್ನೊಬ್ಬನ ರೆಪ್ಪೆಯ ಅಂಚಿಗೆ ಕಪ್ಪು ಎಳೆಯುತ್ತಿದ್ದ. ಯಕ್ಷಗಾನ ಮೇಳದವರು ವೇಷ ಕಟ್ಟುವ ಚೌಕಿಯಲ್ಲಿ ಕಂಡ ಶ್ರದ್ಧೆಗಿಂತ ಅದು ಒಂದು ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ.

ಮಾರಣಾಂತಿಕ ಕಾಯಿಲೆಯ ಮಕ್ಕಳ ಆಸೆ ಈಡೇರಿಸುವ ಮೇಕ್-ಎ-ವಿಶ್ ಸಂಸ್ಥೆಯ ಮೂಲಕ ಪೈಲ್ವಾನ ಜಾನ್ ಸೀನಾ 2022ರ ಹೊತ್ತಿಗೆ 650 ಮಕ್ಕಳನ್ನು ಭೇಟಿಯಾಗಿದ್ದರು. ಅದು ಗಿನ್ನೆಸ್ ದಾಖಲೆ. ಆ ಮಕ್ಕಳಲ್ಲಿ ಒಬ್ಬರ ಹಾಸಿಗೆಯ ಬಳಿ ನಿಂತು ಆ ಹಿರಿಯರು ಇದೇ ಮಾತು ಹೇಳುತ್ತಿದ್ದರೇ? ಖಂಡಿತ ಇಲ್ಲ. ಹಾಗಾದರೆ ಮೆಟ್ರೋದಲ್ಲಿ ಕುಳಿತ ಆರೋಗ್ಯವಂತ ಹುಡುಗನಿಗೆ ಏಕೆ ಹೇಳಬೇಕು?

ಇಷ್ಟೆಲ್ಲ ಬರೆದ ಮೇಲೆ ಇನ್ನೊಂದನ್ನು ಮುಚ್ಚಿಡುವುದು ಸರಿಯಲ್ಲ. ಇದರಲ್ಲಿ ಒಂದು ವಾಕ್ಯವನ್ನೂ ನಾನು ಆ ಬೋಗಿಯಲ್ಲಿ ಹೇಳಲಿಲ್ಲ. ಜಾಕೆಟಿನ ಒಳಗೆ ನಾನೂ ಅಂಡರ್‌ಟೇಕರ್‌ನ ಟೀಶರ್ಟನ್ನೇ ತೊಟ್ಟಿದ್ದೆ. ಹಿರಿಯರು ಆ ಮಾತು ಹೇಳಿ, ಬೆಂಬಲ ಕೋರುವಂತೆ ನನ್ನ ಕಡೆ ನೋಡಿ ನಕ್ಕಾಗ ನನ್ನ ಕೈ ತಾನಾಗಿಯೇ ಜಾಕೆಟಿನ ಜಿಪ್ಪನ್ನು ಕತ್ತಿನವರೆಗೆ ಎಳೆಯಿತು. ನಲವತ್ತು ದಾಟಿದವನು ನಾನು. ಇಂದಿರಾನಗರದಲ್ಲಿ ತಂದೆ ಮಗ ಇಳಿದರು. ಟೋಪಿ ಈಗ ಅಪ್ಪನ ಕಂಕುಳಲ್ಲಿತ್ತು. ಬಾಗಿಲು ಮುಚ್ಚುವವರೆಗೂ ನಾನು ಆ ಒಣಗಿದ ಅಂಟಿನ ಬಿಳಿ ಕಲೆಯನ್ನೇ ನೋಡುತ್ತಿದ್ದೆ.