ಒಂದು ಬಾಟ್ಲಿ ಹಾಕ್ಬಿಡಿ ಡಾಕ್ಟ್ರೇ

ಮಲೆನಾಡಿನಲ್ಲಿ ಈ ಮಾತನ್ನು ಕೇಳದ ದಿನವೇ ಇಲ್ಲ. ಜ್ವರ ಬಂದರೆ ಗ್ಲೂಕೋಸ್, ಸುಸ್ತಾದರೆ ಗ್ಲೂಕೋಸ್, ಮದುವೆ ಮನೆ ಕೆಲಸ ಮುಗಿಸಿ ಕೈಕಾಲು ಸೋತರೂ ಗ್ಲೂಕೋಸ್. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಮಳೆಯಲ್ಲಿ ನೆನೆದು, ಇರುವ ಒಂದು ಬಸ್ಸು ಹಿಡಿದು, ದಿನದ ಕೂಲಿ ಬಿಟ್ಟು ಬಂದವರಿಗೆ ಬರೀ ಮಾತ್ರೆ ಚೀಟಿ ಕೊಟ್ಟರೆ ಬಂದದ್ದು ದಂಡವಾಯಿತು ಅನಿಸುತ್ತದೆ. ಆದರೂ ಇವತ್ತು ಇದನ್ನು ಬರೆಯಲೇಬೇಕು. ಆ ಬಾಟ್ಲಿಯಲ್ಲಿರುವುದು ಔಷಧಿ. ಯಾಕೆ ಹಾಕುತ್ತಿದ್ದೇವೆ, ಯಾವಾಗ ನಿಲ್ಲಿಸುತ್ತೇವೆ ಅಂತ ಗೊತ್ತಿಲ್ಲದೆ ಅದನ್ನು ಏರಿಸಬಾರದು.

ನಾನು ತೀರ್ಥಹಳ್ಳಿ ಕಡೆಯ ಒಂದು ಸಣ್ಣ ಆಸ್ಪತ್ರೆಗೆ ಸೇರಿದ ಹೊಸತು. ಜುಲೈ ತಿಂಗಳ ಒಂದು ಸಂಜೆ, ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು ಮಗ ಕರೆದುಕೊಂಡು ಬಂದರು. "ನಾಕು ದಿನದಿಂದ ಊಟವೇ ಸೇರ್ತಿಲ್ಲ ಮಾರಾಯ್ರೆ, ಸುಸ್ತು ಸುಸ್ತು ಅಂತಾರೆ. ಎರಡು ಬಾಟ್ಲಿ ಹಾಕಿ, ಎದ್ದು ಕೂರ್ತಾರೆ" ಅಂದರು. ನಾಲಿಗೆ ನೋಡಿದೆ, ಒಣಗಿತ್ತು. ಬಿಪಿ ಸ್ವಲ್ಪ ಕಡಿಮೆ ಇತ್ತು. ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತ ತೀರ್ಮಾನಿಸಿ ಎರಡು ಬಾಟ್ಲಿ ಸಲೈನ್, ಅಂದರೆ ಉಪ್ಪುನೀರು, ಹಾಕಿಸಿದೆ.

ರಾತ್ರಿ ಒಂದು ಗಂಟೆಗೆ ಸಿಸ್ಟರ್ ಓಡಿ ಬಂದು ಎಬ್ಬಿಸಿದರು. ಅಜ್ಜಿಗೆ ಮಲಗಲು ಆಗುತ್ತಿಲ್ಲ. ಮಂಚದ ಅಂಚು ಹಿಡಿದು ಕೂತು ಉಸಿರಿಗೆ ಒದ್ದಾಡುತ್ತಿದ್ದರು. ಎದೆಗೆ ಸ್ಟೆತ್ ಇಟ್ಟರೆ ಎರಡೂ ಕಡೆ ಗೊರಗೊರ. ಆಗ ಕಾಲಿನ ಹೊದಿಕೆ ಸರಿಸಿ ನೋಡಿದೆ. ಪಾದ ಊದಿತ್ತು, ಒತ್ತಿದರೆ ಬೆರಳಿನ ಗುಂಡಿ ಹಾಗೇ ಉಳಿಯಿತು. ಕತ್ತಿನ ನರ ಕಿವಿಯ ಹತ್ತಿರದವರೆಗೂ ಉಬ್ಬಿತ್ತು. ಅವರ ಸುಸ್ತಿಗೆ ಕಾರಣ ದುರ್ಬಲವಾದ ಹೃದಯ. ನಾನು ಹಾಕಿಸಿದ ನೀರನ್ನು ಪಂಪ್ ಮಾಡಲು ಅದಕ್ಕೆ ಆಗದೆ ಶ್ವಾಸಕೋಶದಲ್ಲಿ ನೀರು ತುಂಬಿತ್ತು. ನಾಲಿಗೆ ಒಣಗಿದ್ದು ಬಾಯಲ್ಲಿ ಉಸಿರಾಡಿದ್ದಕ್ಕೆ. ಆಕ್ಸಿಜನ್, ಹೆಚ್ಚಿನ ನೀರನ್ನು ಮೂತ್ರದಲ್ಲಿ ಹೊರಹಾಕುವ ಲ್ಯಾಸಿಕ್ಸ್ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸ್‌ನಲ್ಲಿ ನಾನೇ ಜೊತೆಗೆ ಕೂತು ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಅಜ್ಜಿ ಉಳಿದರು. ತಪ್ಪು ನನ್ನದೇ ಆಗಿತ್ತು. ಹೊದಿಕೆ ಸರಿಸಿ ಕಾಲು ನೋಡಲು ಅರ್ಧ ನಿಮಿಷ ಸಾಕಿತ್ತು.

ಆ ಬಾಟ್ಲಿಗಳಲ್ಲಿ ಏನಿರುತ್ತದೆ ಅಂತ ಹೇಳುತ್ತೇನೆ. ಐದು ಪರ್ಸೆಂಟ್ ಗ್ಲೂಕೋಸ್‌ನ 500 ಎಂಎಲ್ ಬಾಟ್ಲಿಯಲ್ಲಿ 25 ಗ್ರಾಂ ಸಕ್ಕರೆ. ಐದಾರು ಚಮಚ ಅಷ್ಟೇ. ಎರಡು ಇಡ್ಲಿ ತಿಂದರೆ ಹೆಚ್ಚುಕಡಿಮೆ ಅಷ್ಟೇ ಶಕ್ತಿ ಬರುತ್ತದೆ. ಸಕ್ಕರೆಯನ್ನು ಮೈ ಬಳಸಿಕೊಂಡ ಮೇಲೆ ಉಳಿಯುವುದು ಬರೀ ನೀರು, ಅದು ರಕ್ತನಾಳದಲ್ಲಿ ನಿಲ್ಲುವುದಿಲ್ಲ. ಒಂದು ಲೀಟರ್ ಹಾಕಿದರೂ ಹತ್ತರಲ್ಲಿ ಒಂದು ಪಾಲು ಕೂಡ ಅಲ್ಲಿ ಉಳಿಯುವುದಿಲ್ಲ, ಉಳಿದದ್ದು ಮೈಯೆಲ್ಲ ಹರಡುತ್ತದೆ. ಹಾಗಾಗಿ ಬಿಪಿ ಕುಸಿದವರಿಗೆ ಗ್ಲೂಕೋಸ್ ಹಾಕಿ ಪ್ರಯೋಜನವಿಲ್ಲ.

ಇನ್ನು ನಾರ್ಮಲ್ ಸಲೈನ್. ಹೆಸರು ನಾರ್ಮಲ್, ಆದರೆ ನಮ್ಮ ರಕ್ತಕ್ಕಿಂತ ಅದರಲ್ಲಿ ಕ್ಲೋರೈಡ್ ಜಾಸ್ತಿ. 500 ಎಂಎಲ್‌ನಲ್ಲಿ ನಾಲ್ಕೂವರೆ ಗ್ರಾಂ ಉಪ್ಪಿರುತ್ತದೆ. ದೊಡ್ಡವರು ಇಡೀ ದಿನಕ್ಕೆ ಐದು ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಇದೆ ಅಂತ ಅಪ್ಪೆಮಿಡಿ ಉಪ್ಪಿನಕಾಯಿ ಬಿಟ್ಟಿದ್ದ ಅಜ್ಜಿಗೆ ನಾನು ಒಂದೇ ಸಂಜೆ ಒಂಬತ್ತು ಗ್ರಾಂ ಉಪ್ಪನ್ನು ನೇರ ರಕ್ತಕ್ಕೆ ಕೊಟ್ಟಿದ್ದೆ. ವಾಂತಿ ಜಾಸ್ತಿಯಾದವರಿಗೆ ಸಲೈನ್ ಹೊಂದುತ್ತದೆ. ಭೇದಿಯಿಂದ ನಿತ್ರಾಣವಾದವರಿಗೆ ನಾನು ಆರ್‌ಎಲ್ (ರಿಂಗರ್ ಲ್ಯಾಕ್ಟೇಟ್) ಅನ್ನುವ ಇನ್ನೊಂದು ಬಾಟ್ಲಿ ಹಾಕುತ್ತೇನೆ. ಅದರ ಲವಣಗಳು ರಕ್ತಕ್ಕೆ ಹತ್ತಿರ.

ಹಾಗಂತ ಬಾಟ್ಲಿಯೇ ಬೇಡ ಅನ್ನುತ್ತಿಲ್ಲ. ಅಡಿಕೆ ಕೊಯ್ಲಿನ ಕಾಲದಲ್ಲಿ ಕೊನೆ (ಅಡಿಕೆ ಗೊನೆ) ತೆಗೆಯುವ ಹುಡುಗನೊಬ್ಬ ಬಂದಿದ್ದ. ರಾತ್ರಿಯಿಂದ ಭೇದಿ. ಕೈ ತಣ್ಣಗಿತ್ತು, ನಾಡಿ 130, ಬೆಳಗ್ಗೆಯಿಂದ ಮೂತ್ರವೇ ಆಗಿಲ್ಲ. ಬೆರಳ ತುದಿ ಒತ್ತಿ ಬಿಟ್ಟರೆ ಮತ್ತೆ ಕೆಂಪಾಗಲು ಐದು ಸೆಕೆಂಡ್ ಹಿಡಿಯಿತು. ಮೂರರೊಳಗೆ ಆಗಬೇಕಿತ್ತು. ಅಂಥವರಿಗೆ ಎರಡೂ ಕೈಗೆ ಸೂಜಿ ಹಾಕಿ ಜೋರಾಗಿ ಬಿಡಬೇಕು. ಅಲ್ಲಿ ಜಿಪುಣತನ ಮಾಡಿದರೆ ಕಿಡ್ನಿ ಹೋಗುತ್ತದೆ.

ಒಂದೇ ಗುರುತನ್ನು ನಂಬಿದರೆ ಮೋಸ ಹೋಗುತ್ತೇವೆ. ಚರ್ಮ ಹಿಂಡಿದಾಗ ಮಡಿಕೆ ನಿಂತರೆ ನೀರು ಕಡಿಮೆ ಅನ್ನುತ್ತಾರೆ, ಆದರೆ ವಯಸ್ಸಾದವರಲ್ಲಿ ಅದು ಹೇಗೂ ನಿಲ್ಲುತ್ತದೆ. ಹಾಗಾಗಿ ನಾನು ಮೊದಲು ಕೂತು ಕೇಳುತ್ತೇನೆ. ಎಷ್ಟು ಸಲ ಭೇದಿ ಆಯ್ತು, ಏನು ಕುಡಿದಿರಿ, ಕೊನೆಗೆ ಮೂತ್ರ ಯಾವಾಗ ಆಯ್ತು, ರಾತ್ರಿ ದಿಂಬು ಎತ್ತರ ಬೇಕಾಗುತ್ತಾ. ಆಮೇಲೆ ಕೈ, ಕತ್ತು, ಎದೆ, ಕಾಲು. ಅನುಮಾನ ಉಳಿದರೆ ಮಲಗಿಸಿ ಎರಡೂ ಕಾಲು ಎತ್ತಿ ಹಿಡಿಯುತ್ತೇವೆ. ಕಾಲಲ್ಲಿರುವ ಸುಮಾರು 300 ಎಂಎಲ್ ರಕ್ತ ಹೃದಯದ ಕಡೆ ಬರುತ್ತದೆ. ಹೃದಯ ಅದನ್ನು ಚೆನ್ನಾಗಿ ಪಂಪ್ ಮಾಡಿದರೆ ಬಾಟ್ಲಿಯಿಂದ ಉಪಯೋಗವಾಗಬಹುದು. ಇಲ್ಲದಿದ್ದರೆ ಕಾಲು ಇಳಿಸಿದರಾಯಿತು, ನಷ್ಟವಿಲ್ಲ. ಎಕೋ (ಹೃದಯದ ಸ್ಕ್ಯಾನ್) ಇದ್ದರೆ ಇದು ಸರಿಯಾಗಿ ಗೊತ್ತಾಗುತ್ತದೆ, ಬರೀ ಬಿಪಿ ನೋಡಿ ಹೇಳುವುದು ಕಷ್ಟ.

ಡೆಂಗ್ಯೂ ಬಗ್ಗೆ ಬೇರೆಯಾಗಿ ಹೇಳಬೇಕು. ನಮ್ಮ ಜನ ಪ್ಲೇಟ್‌ಲೆಟ್ ಒಂದನ್ನೇ ನೋಡುತ್ತಾರೆ. ನಿಜವಾದ ಅಪಾಯ ಸಾಮಾನ್ಯವಾಗಿ ಜ್ವರ ಇಳಿಯುವ ಹೊತ್ತಿಗೆ ಶುರುವಾಗುತ್ತದೆ. ರಕ್ತನಾಳದಿಂದ ನೀರಿನಂಶ ಸೋರಿ ರಕ್ತ ಗಟ್ಟಿಯಾಗುತ್ತದೆ. 24ರಿಂದ 48 ಗಂಟೆ ಹೀಗೆ. ಆಗ ಡ್ರಿಪ್ ಬೇಕು, ಗಂಟೆಗಂಟೆಗೆ ಲೆಕ್ಕ ಹಾಕಿ. ಆಮೇಲೆ ಸೋರಿದ್ದೆಲ್ಲ ತಾನಾಗಿಯೇ ರಕ್ತಕ್ಕೆ ವಾಪಸ್ ಬರುತ್ತದೆ. ಆಗಲೂ ಹಾಕುತ್ತಲೇ ಇದ್ದರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಸೋಮವಾರ ಜೀವ ಉಳಿಸಿದ ಬಾಟ್ಲಿಯೇ ಬುಧವಾರ ಜೀವಕ್ಕೆ ಅಪಾಯ ತರಬಹುದು.

2011ರಲ್ಲಿ ಆಫ್ರಿಕಾದ ಮೂರು ದೇಶಗಳಲ್ಲಿ ನಡೆದ ಒಂದು ದೊಡ್ಡ ಅಧ್ಯಯನ ನನ್ನ ಕಣ್ಣು ತೆರೆಸಿತು. ತೀವ್ರ ಜ್ವರದಿಂದ ರಕ್ತಸಂಚಾರ ಕುಂದಿದ್ದ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು. ಡ್ರಿಪ್ ಜೋರಾಗಿ ಬಿಟ್ಟ ಗುಂಪಿನಲ್ಲಿ 48 ಗಂಟೆಯೊಳಗೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಕ್ಕಳು ತೀರಿಕೊಂಡರು. ಹಾಗೆ ಬಿಡದ ಗುಂಪಿನಲ್ಲಿ ಏಳು. ನಮ್ಮ ಊರಿನ ಮಕ್ಕಳ ಪರಿಸ್ಥಿತಿ ಬೇರೆ ಇರಬಹುದು. ಆದರೂ ಸುಮ್ನೆ ಒಂದು ಬಾಟ್ಲಿ ಅನ್ನುವ ಮಾತು ಕೇಳಿದಾಗಲೆಲ್ಲ ಆ ಮಕ್ಕಳು ನೆನಪಾಗುತ್ತಾರೆ.

ಬಾಯಲ್ಲಿ ಕುಡಿಯಲು ಆಗುವವರಿಗೆ ಸೂಜಿ ಯಾಕೆ ಬೇಕು? 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಬಾಟ್ಲಿಗಳು ಖಾಲಿಯಾದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು-ಸಕ್ಕರೆ ಬೆರೆಸಿದ ನೀರನ್ನು ಬಾಯಲ್ಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಅದೇ ಓಆರ್‌ಎಸ್ ಇವತ್ತು ಪ್ರತಿ ಊರಿನ ಮೆಡಿಕಲ್ ಶಾಪಲ್ಲಿ ಸಿಗುತ್ತದೆ. ಸುಸ್ತಿಗೆ ಮಾತ್ರ ಬಂದವರಿಗೆ ನಾನು ಗಂಜಿ, ತಿಳಿಸಾರು, ಮಜ್ಜಿಗೆ ಹೇಳುತ್ತೇನೆ. ಆ ಸುಸ್ತು ಯಾಕೆ ಬಂತು ಅಂತ ಹುಡುಕುತ್ತೇನೆ. ಎಷ್ಟೋ ಸಲ ಅದು ರಕ್ತಹೀನತೆ, ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಆಗಿರುತ್ತದೆ.

ರೋಗಿಯ ಜೊತೆ ಬರುವವರಲ್ಲಿ ಒಂದು ಕೇಳಿಕೆ. ಕೊನೇ ಬಸ್ಸು ತಪ್ಪುತ್ತದೆ ಅಂತ ಡ್ರಿಪ್ ಪೈಪಿನ ಚಕ್ರವನ್ನು ದಯವಿಟ್ಟು ನೀವೇ ತಿರುಗಿಸಬೇಡಿ. ನಾವು ಸಾಮಾನ್ಯವಾಗಿ ಬಳಸುವ ಸೆಟ್‌ನಲ್ಲಿ ನಿಮಿಷಕ್ಕೆ 33 ಹನಿ ಬಿದ್ದರೆ ಗಂಟೆಗೆ 100 ಎಂಎಲ್ ಆಗುತ್ತದೆ. ಸಿಸ್ಟರ್ ಗಡಿಯಾರ ನೋಡಿ ಆ ಹನಿ ಎಣಿಸಿ ಇಟ್ಟಿರುತ್ತಾರೆ.

ಆ ಅಜ್ಜಿ ಆಮೇಲೆ ನಾಲ್ಕು ವರ್ಷ ನನ್ನ ಹತ್ತಿರವೇ ಬಂದರು. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ನಿಂತಿದೆ ಅಂತ ಅರ್ಥ, ತಕ್ಷಣ ಫೋನ್ ಮಾಡಿ ಅಂತ ಮಗನಿಗೆ ಹೇಳಿದ್ದೆ. ಅವರು ದಿನಾ ಬೆಳಗ್ಗೆ ಅಡಿಕೆ ತೂಗುವ ಮೆಷಿನ್ ಮೇಲೆ ಅಮ್ಮನನ್ನು ನಿಲ್ಲಿಸಿ, ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ತೂಕ ಬರೆದಿಡುತ್ತಿದ್ದರು. ಆ ಪುಸ್ತಕ ನೋಡಿ ಎರಡು ಸಲ ಮಾತ್ರೆ ಬದಲಿಸಿದೆ. ಮತ್ತೆ ಅವರಿಗೆ ಆಂಬುಲೆನ್ಸ್ ಬೇಕಾಗಲಿಲ್ಲ.