ಅಲ್ಲಿನವರು ಊಟ ಮಾಡುವ ಜಾಗ

ಸ್ಪೇನಿನ ಬಾರ್ಸಿಲೋನಾದ ಗ್ರಾಸಿಯಾ ಬಡಾವಣೆಯಲ್ಲಿ, ಆ ಸೀಮೆಯ ಕ್ಯಾಟಲನ್ ಅಡುಗೆಯ ಒಂದು ಹೋಟೆಲು. ಹಿಂದುಗಡೆ ಕೈತೋಟ, ನಿಂಬೆ ಗಿಡದ ನೆರಳಲ್ಲಿ ನಾಲ್ಕೇ ಮೇಜು. 'ಅಲ್ಲಿನವರೇ ಊಟ ಮಾಡುವ ಜಾಗ, ತಪ್ಪಿಸಬೇಡಿ' ಅಂತ ಯಾರೋ ಹೇಳಿದ್ದರು. ಹೋಗಿ ನೋಡಿದರೆ ಒಂದು ಮೇಜಲ್ಲಿ ಜರ್ಮನ್ನರು, ಇನ್ನೊಂದರಲ್ಲಿ ಕೊರಿಯಾದವರು, ಮೂರನೆಯದರಲ್ಲಿ ಅಮೆರಿಕದ ಗಂಡ ಹೆಂಡತಿ. ನಾವು ಒಳಗೆ ಕಾಲಿಟ್ಟಾಗ ಎಲ್ಲರೂ ಆಸೆಯಿಂದ ತಲೆ ಎತ್ತಿದರು. ನಮ್ಮ ಮುಖ ನೋಡಿ ಮತ್ತೆ ತಟ್ಟೆ ಕಡೆ ತಿರುಗಿದರು. ಪಾಪ, ಅವರೂ ಅಲ್ಲಿನವರಿಗಾಗಿ ಕಾಯುತ್ತಿದ್ದರು.

ಅಲ್ಲಿನವರು ಹೋದದ್ದೆಲ್ಲಿಗೆ? ತೋಟದ ಸುತ್ತಲಿನ ಮನೆಗಳಲ್ಲಿ ನಮ್ಮಂಥವರೇ ಸೂಟ್‌ಕೇಸ್ ಇಟ್ಟುಕೊಂಡು ಕೂತಿದ್ದೇವೆ. ಹತ್ತು ವರ್ಷದಲ್ಲಿ ಬಾಡಿಗೆ ಶೇ. 68ರಷ್ಟು ಏರಿದೆ ಅಂತ 2024ರಲ್ಲಿ ಮೇಯರ್ ಜೌಮೆ ಕೊಲ್ಬೋನಿಯವರೇ ಹೇಳಿದರು. 2028ರ ಹೊತ್ತಿಗೆ ಪ್ರವಾಸಿಗರ ಫ್ಲ್ಯಾಟುಗಳ ಪರವಾನಗಿ ಎಲ್ಲಾ ಬಂದ್ ಅಂತಲೂ ಸಾರಿದರು. ಒಟ್ಟು 10,101. ಮುಯ್ಯಿ ಕವರಿನ ಹಾಗೆ ಕೊನೆಗೊಂದು ರೂಪಾಯಿ ಸೇರಿಸಿದ್ದಾರೆ, ಶುಭವಾಗಲಿ.

ಬ್ರೆಡ್ಡಿಗೆ ಟೊಮೆಟೊ ಉಜ್ಜಿ, ಎಣ್ಣೆ ಉಪ್ಪು ಹಾಕಿದ 'ಪಾ ಆಂಬ್ ತೊಮಾಕೆಟ್' ಬಂತು. ಒಣಗಿದ ಬ್ರೆಡ್ಡು ಮೆತ್ತಗಾಗಲಿ ಅಂತ ಹಳ್ಳಿಯವರು ಕಂಡುಕೊಂಡ ಉಪಾಯ. ಈಗ ಅದರ ಬೆಲೆ ನೋಡಿ ನಾವು ಮೆತ್ತಗಾದೆವು. ಆಮೇಲೆ 'ಎಸ್ಕಲಿವಾಡಾ'. ಬದನೆಕಾಯಿ, ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಸೀಳಿದ್ದು. ಒಗ್ಗರಣೆ ಹಾಕೋದು ಮರೆತ ಗೊಜ್ಜು ಅನ್ನಿ. ಆದರೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ನಲ್ಲಿ ನೀರು ಕೇಳಿದೆ. ಗಿರಾಕಿಗೆ ಅದನ್ನು ಬಿಟ್ಟಿ ಕೊಡಬೇಕು ಅಂತ ಸ್ಪೇನಿನಲ್ಲಿ 2022ರಿಂದ ಕಾನೂನೇ ಇದೆ. ವೇಟರ್ ಸೌಜನ್ಯದಿಂದ ನಕ್ಕು ಬಾಟಲಿ ತಂದಿಟ್ಟ. ಬಿಲ್ಲಿನಲ್ಲಿ ಬಾಟಲಿಗೊಂದು ಸಾಲು, ತೋಟದಲ್ಲಿ ಕೂತಿದ್ದಕ್ಕೆ ಇನ್ನೊಂದು ಸಾಲು. ಗಾಳಿಗೂ ಮೀಟರ್ ಇಟ್ಟಿದ್ದಾರೆ!

ಈ ಊರಲ್ಲಿ ನೀರಿನ ಕಥೆಯೇ ವಿಚಿತ್ರ. 2024ರ ಫೆಬ್ರವರಿ 1ರಂದು ಬರದ ತುರ್ತುಸ್ಥಿತಿ ಘೋಷಿಸಿದರು. ತಲೆಗೆ ದಿನಕ್ಕೆ 200 ಲೀಟರ್ ಅಂತ ಮಿತಿ ಬಂತು. ಆಮೇಲೆ ಮಳೆ ಬಂತು, ಮಿತಿ ಸಡಿಲವಾಯಿತು. ಜುಲೈ 6ಕ್ಕೆ ಪ್ರವಾಸಿಗರ ಕಾಟ ಸಾಕು ಅಂತ ಅಲ್ಲಿನ ಸಾವಿರಾರು ಜನ ಮೆರವಣಿಗೆ ಹೊರಟು, ಬೀದಿಬದಿ ಮೇಜುಗಳಲ್ಲಿ ಉಣ್ಣುತ್ತಿದ್ದ ಪ್ರವಾಸಿಗರಿಗೆ ಆಟಿಕೆ ಪಿಸ್ತೂಲಿನಿಂದ ಪಿಚಕ್ ಅಂತ ನೀರು ಹೊಡೆದರು. ಅಂದರೆ ಬಿಟ್ಟಿ ನೀರಿನ ಕಾನೂನು ಅವತ್ತು ಸರಿಯಾಗಿ ಜಾರಿಗೆ ಬಂದಿತ್ತು. ಅದೂ ಅಲ್ಲಿನವರ ಕೈಯಿಂದಲೇ! ನಾವು ತಪ್ಪು ದಿನ ಬಂದಿದ್ದೆವು, ಅಷ್ಟೇ.

ಹೊರಡುವಾಗ ವೇಟರ್‌ನನ್ನು ಸುಮ್ನೆ ಕೇಳಿದೆ, "ನೀವೆಲ್ಲಾ ಊಟ ಎಲ್ಲಿ ಮಾಡ್ತೀರಿ?"

"ಮನೇಲಿ. ಇಲ್ಲಿಂದ ರೈಲಲ್ಲಿ ಮುಕ್ಕಾಲು ಗಂಟೆ," ಅಂದ.

ಪಕ್ಕದ ಮೇಜಿನ ಅಮೆರಿಕದವರು ತಟ್ಟನೆ ಫೋನ್ ತೆಗೆದರು. "ಯಾವ ಸ್ಟೇಷನ್?"