ಏರಿಗೆ ಕೈಬಲ, ಇಳಿಜಾರಿಗೆ ಇಗ್ಗುತಪ್ಪ ದೇವರು

ಕೊಡಗಿನವರು ಸೈಕಲ್ ತುಳಿದದ್ದಕ್ಕಿಂತ ತಳ್ಳಿದ್ದೇ ಜಾಸ್ತಿ. ನಮ್ಮ ತಪ್ಪಲ್ಲ, ನೆಲದ್ದು. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಂದ 30 ಕಿಲೋಮೀಟರ್ ಆಚೆಗಿನ ಕುಶಾಲನಗರ ಸುಮಾರು 830 ಮೀಟರ್. ಬೆಳಿಗ್ಗೆ ಸೈಕಲ್ಲಿನಲ್ಲಿ ಪೇಟೆಗೆ ಇಳಿದವನು ಸಂಜೆ ಸೈಕಲ್ಲನ್ನು ಮನೆಗೆ ಹತ್ತಿಸಬೇಕು.

ಕುಶಾಲನಗರದವರು ಇದನ್ನು ಒಪ್ಪಲ್ಲ. ಅವರದು ಕಾವೇರಿ ದಡದ ಸಮತಟ್ಟು ಜಾಗ. ಗಂಟೆಗಿಷ್ಟು ಅಂತ ಬಾಡಿಗೆ ಸೈಕಲ್ ತಗೊಂಡು, ಬಾರಿನ ಕೆಳಗೆ ಕಾಲು ತೂರಿಸಿ ಕತ್ತರಿ ಹೊಡೆದು, ಮೊಣಕಾಲು ತರಚಿಕೊಂಡು ಕಲಿತವರು. ಮೇಲಿನ ನಮಗೆ ಆ ಭಾಗ್ಯ ಇರಲಿಲ್ಲ. ಬಾಡಿಗೆ ಕೊಟ್ಟು ತಳ್ಳುವವರು ಯಾರು?

1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ಲೂಧಿಯಾನದಲ್ಲಿ ಹೀರೋ ಕಂಪನಿ ಸೈಕಲ್ ಮಾಡತೊಡಗಿತು. ಎರಡಕ್ಕೂ ಏನೂ ಸಂಬಂಧ ಇಲ್ಲ, ಸುಮ್ನೆ ಹೇಳಿದೆ. ಆದರೆ ಅಲ್ಲಿಯವರೆಗೆ ಸೈಕಲ್ ಅಂದರೆ ದೊರೆಗಳ ವಸ್ತು ಅನ್ನುತ್ತಿದ್ದ ನಮ್ಮ ಕಡೆಯ ತೋಟದ ಲೆಕ್ಕ ಬರೆಯುವ ರೈಟರು, ಮೇಷ್ಟ್ರು, ಪೋಸ್ಟ್‌ಮ್ಯಾನ್ ಎಲ್ಲ ನಿಧಾನಕ್ಕೆ ಸೈಕಲ್ಲಿನವರಾದರು.

ನಮ್ಮ ಮಾವನೂ ಕಾಫಿ ತೋಟದ ರೈಟರೇ. ಚೇರಂಬಾಣೆ ಕಡೆ, ರಸ್ತೆಯಿಂದ ಸಾಕಷ್ಟು ಮೇಲೆ ಒಂಟಿಮನೆ. ಸೈಕಲ್ ಮೈಸೂರಿನಿಂದ ಬಸ್ಸಿನ ಟಾಪ್ ಮೇಲೆ ಬಂತು. ಅದರ ಜೀವನದ ಅತಿ ಸುಖದ ಪ್ರಯಾಣ ಅದೇ ಇರಬೇಕು.

ಆ ಕಾಲದ ಸೈಕಲ್ಲಿಗೆ ಕಬ್ಬಿಣದ ಸರಳಿನ ಬ್ರೇಕು. ಹಿಡಿ ಒತ್ತಿದರೆ ಸರಳು ಎಳೆದು ರಬ್ಬರ್ ತುಂಡು ರಿಮ್ಮಿಗೆ ಕಚ್ಚಬೇಕು. ಬಿಸಿಲಿದ್ದರೆ ಕಚ್ಚುತ್ತದೆ. ನುಣುಪು ಉಕ್ಕಿನ ರಿಮ್ ಒದ್ದೆಯಾದರೆ ರಬ್ಬರ್ ಜಾರುತ್ತದೆ, ಅಷ್ಟೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಇಂಥ ಊರಿಗೆ ಇಂಥ ಬ್ರೇಕು! ಹಾಗಾಗಿ ನಮ್ಮಲ್ಲಿ ನಿಜವಾದ ಬ್ರೇಕ್ ಅಂದರೆ ಚಪ್ಪಲಿ. ಮಾವನ ಎಡಗಾಲಿನ ಚಪ್ಪಲಿ ಬಲಗಾಲಿನದಕ್ಕಿಂತ ಯಾವಾಗಲೂ ಮೊದಲು ಸವೆಯುತ್ತಿತ್ತು.

ಕಕ್ಕಡ ತಿಂಗಳ ಮಳೆಯಲ್ಲಿ ಒಮ್ಮೆ ಕ್ಯಾರಿಯರಿಗೆ ಬಾಳೆಗೊನೆ ಕಟ್ಟಿಕೊಂಡು ಇಳಿಯುತ್ತಿದ್ದರು. ಒಂದು ಕೈಯಲ್ಲಿ ಕೊಡೆ. ಗಾಳಿಗೆ ಕೊಡೆ ಮಗುಚಿತು. ತಿರುವಿನಲ್ಲಿ ದನ ನಿಂತಿತ್ತು. ಬೆಲ್ಲಿಗೆ ತುಕ್ಕು ಹಿಡಿದು ಬಹಳ ದಿನವಾಗಿತ್ತು. "ಬ್ರೇಕಿಲ್ಲ, ಸರೀರಿ!" ಅಂತ ಮಾವ ಕೂಗಿದರು. ದನಕ್ಕೆ ಯಾಕೆ ಬಹುವಚನ ಅಂತ ಅತ್ತೆ ಇವತ್ತಿಗೂ ಕೇಳುತ್ತಾರೆ. ದನ ಸರಿಯಲಿಲ್ಲ, ಮಾವನೇ ಸರಿದರು. ರಸ್ತೆಯ ಕೆಳಗೆ ಗದ್ದೆ, ಗದ್ದೆಯಲ್ಲಿ ನಾಟಿ. ಮಂಡಿಮಟ್ಟ ಕೆಸರಿನಲ್ಲಿ ಮಾವ, ಬಾಳೆಗೊನೆ, ಮೂತಿ ಹುಗಿದ ಸೈಕಲ್. ನಾಟಿ ಹೆಂಗಸರಲ್ಲಿ ಒಬ್ಬರು ತಲೆ ಎತ್ತಿ, "ಓ ರೈಟ್ರೇ, ನಾಟಿಗೆ ಬಂದ್ರಾ?" ಅಂದರು. ಮಾವ ಮುಖದ ಕೆಸರು ಒರೆಸಿಕೊಂಡು, "ಬಂದಾಯ್ತಲ್ಲ, ಒಂದು ಅಗೆ ಕಟ್ಟು ಕೊಡಿ" ಅಂದರಂತೆ.

ರಾತ್ರಿಯ ಕಥೆ ಬೇರೆ. ದೀಪವಿಲ್ಲದೆ ಹೋದರೆ ಪೊಲೀಸರು ಹಿಡಿಯುತ್ತಿದ್ದ ಕಾಲ, ಅದಕ್ಕೇ ಡೈನಮೋ. ಚಕ್ರ ಜೋರಾಗಿ ತಿರುಗಿದಷ್ಟೂ ಬೆಳಕು. ಏರಿನಲ್ಲಿ ತಳ್ಳುವಾಗ ಮಿಣುಕು, ಹಳ್ಳ ಯಾವುದು ಕಲ್ಲು ಯಾವುದು ಗೊತ್ತಾಗದು. ಇಳಿಜಾರಿನಲ್ಲಿ ಝಗ್ ಅಂತ ಬೆಳಕು. ಯಾವುದಕ್ಕೆ ಗುದ್ದುತ್ತೇವೆ ಅನ್ನುವುದಾದರೂ ಸ್ಪಷ್ಟವಾಗಿ ಕಾಣುತ್ತಿತ್ತು.

2006-07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಒಳ್ಳೆಯ ಯೋಜನೆ, ತಕರಾರಿಲ್ಲ. ನಮ್ಮ ಕಡೆ ಮಾತ್ರ ಸೈಕಲ್ಲುಗಳು ಮನೆ ಸೇರಲಿಲ್ಲ. ಮನೆ ಗುಡ್ಡದ ಮೇಲೆ, ಸೈಕಲ್ ರಸ್ತೆ ಬದಿಯ ಅಂಗಡಿಯ ಹಿಂದೆ. ಅತ್ತೆಯ ಮೊಮ್ಮಗಳು ಮೈಲಿಗಟ್ಟಲೆ ನಡೆದು ಬಂದು ಸೈಕಲ್ ತಗೊಂಡು, ಮುಂದಿನ ಏರಿಗೆ ಇಳಿದು ತಳ್ಳಿ, ಸ್ಕೂಲಿಗೆ ಹೋಗುತ್ತಿದ್ದಳು. "ಬಿಟ್ಟು ಹೋಗು ಮಗಾ, ಬೇಗ ಮುಟ್ತೀಯ" ಅನ್ನುತ್ತಿದ್ದರು ಮಾವ, ಅನುಭವಸ್ಥರು.

ಈಗ ಬೆಂಗಳೂರಿನಿಂದ ವಾರಕೊನೆಗೆ ಗೇರ್ ಸೈಕಲ್ಲಿನವರು ಬರುತ್ತಾರೆ. ಮೈಗಂಟಿದ ಚಡ್ಡಿ, ತಲೆಗೆ ಹೆಲ್ಮೆಟ್. ಮೊನ್ನೆ ಮಾವನ ಮನೆ ಕೆಳಗೆ ಒಬ್ಬ ಹುಡುಗ ನೀರು ಕೇಳಿದ. ನೀರು ಕೇಳಿದವರಿಗೆ ಕಾಫಿ ಕೊಡದೆ ಕಳಿಸುವ ಮನೆಯೇ ಅಲ್ಲ ಅದು. ಅತ್ತೆ ಕೂಗಿ ರಸ್ತೆಯಿಂದ ಮೇಲಕ್ಕೆ ಕರೆದರು. ಪಾಪ, ಅಂಗಳದವರೆಗೆ ಸೈಕಲ್ ಹೊತ್ತುಕೊಂಡೇ ಬಂದ. ಬೆಲೆ ಲಕ್ಷದ ಮೇಲೆ ಅಂದ. ಅತ್ತೆ ಸುತ್ತ ತಿರುಗಿ ನೋಡಿದರು. ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಮಡ್‌ಗಾರ್ಡ್ ಇಲ್ಲ.

"ಬಿಚ್ಚಿಟ್ಟಿದ್ದೆಲ್ಲ ಬೇರೆ ಕೊಡ್ತಾರಾ ಮಗಾ?"

ಹುಡುಗ ನಕ್ಕ. ಅತ್ತೆ ಕಿತ್ತಳೆ ತುಂಬಿದ ಕವರನ್ನು ಹ್ಯಾಂಡಲಿಗೇ ಸಿಕ್ಕಿಸಿದರು. ಹೊರಡುವಾಗ ಅವನು ಕೇಳಿದ:

"ಆಂಟಿ, ತಲಕಾವೇರಿವರೆಗೆ ಇನ್ನೂ ಏರಿದೆಯಾ?"

"ಸ್ವಲ್ಪ ಇದೆ" ಅಂದರು ಅತ್ತೆ. ಭಾಗಮಂಡಲ ದಾಟಿದ ಮೇಲೆ 8 ಕಿಲೋಮೀಟರ್ ಬರೀ ಏರೇ ಅಂತ ಗೊತ್ತಿದ್ದೂ, ಇನ್ನೆರಡು ಕಿತ್ತಳೆ ಜಾಸ್ತಿ ಹಾಕಿದರು.